ಛತ್ರದ ಕಂಬಕ್ಕೆ ಲಾರಿ ಬಣ್ಣ

"ನಾನು ಮಾಡಿದ್ದು ಒಳ್ಳೇದಾ ಕೆಟ್ಟದ್ದಾ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ ಕಣಮ್ಮ. ಮನೆಗೆ ನೆಂಟ್ರು ಬತ್ತಾರೆ ಅಂದ್ರೆ ನೀನೇನ್ ಮಾಡ್ತೀಯ? ಸಾರ್ಸಿ ಗುಡ್ಸಿ, ಗೋಡೆಗೆ ಸುಣ್ಣ ಬಳ್ದು, ಕೆಳಗೊಂದು ಕೆಮ್ಮಣ್ಣಿನ ಪಟ್ಟೆ ಎಳ್ದು, ಹೊಸ್ತಿಲಿಗೆ ಅರಿಸಿನ ಹಚ್ತೀಯ. ಹೌದಾ ಅಲ್ವಾ? ಸುಣ್ಣ ಕಾಣದ ಮನೆ ಅಂದ್ರೆ ಏನರ್ಥ? ಆ ವರ್ಷ ಆ ಮನೇಲಿ ಯಾರೋ ತೀರ್ಕೊಂಡವ್ರೆ ಅಂತ. ನಮ್ ಕಡೆ ದಾರೀಲಿ ಹೋಗೋ ಮಗೀಗೂ ಗೊತ್ತು ಇದು. ಹಂಗಿರೋವಾಗ ಆಯಪ್ಪ, ನಮ್ ಎಂಜಿನಿಯರಪ್ಪ, ಛತ್ರದ ಕಂಬಕ್ಕಿದ್ದ ಬಣ್ಣನೆಲ್ಲ ಕೂತ್ಕೊಂಡು ಕೆರೆಸ್ದ. ಕೆರೆಸಿ ಕೆರೆಸಿ ಬರೀ ಮರ ಮಾಡಿ ನಿಲ್ಲಿಸ್ದ. ನಿಲ್ಸಿ, 'ಅಮ್ಮಾ, ಎಲ್ಲಾ ಆಯ್ತು, ಇನ್ನು ನೋಡೋಕೆ ಡೆಲ್ಲಿಯಿಂದ ದೊಡ್ಡೋರು ಬರ್ತಾರೆ' ಅಂದ. ಆಯ್ತು ಅಂದ್ರೆ ಏನಾಯ್ತು? ಬಣ್ಣ ಎಲ್ಲಿ ನಾಯ್ನಾ ಅಂದ್ರೆ ನಗ್ತಾನೆ. ನಾನೇನ್ ತಿಳ್ಕೊಂಡೆ ಗೊತ್ತಾ? ಪಾಪ, ಕೈ ಬರಿದಾಗೈತೆ, ಬಾಯ್ಬಿಟ್ಟು ಹೇಳೋಕೆ ನಾಚ್ಕೆ ಅಂತ. ಅಷ್ಟು ದಿನ ನನ್ ಕೈ ಮುದ್ದೆ ಉಂಡವ್ನೆ, ನನ್ ಕೈಲಾದ್ದು ನಾನು ಮಾಡ್ಬೇಕಲ್ವಾ? ಮಾಡ್ದೆ. ಮಾಡಿದ್ಮೇಲೆ ಆಯಪ್ಪನ ಮುಖ ನೋಡ್ಬೇಕಿತ್ತು ನೀನು. ದೇವ್ರೇ, ಆ ಮುಖ! ಕೋಪ ಅಂದ್ರೆ ಕೋಪ ಅಲ್ಲ, ಅಳು ಅಂದ್ರೆ ಅಳು ಅಲ್ಲ. ಬೈದಿದ್ರೆ ಬೈದ ಅಂತ ತಿಳ್ಕೋತಿದ್ದೆ. ಬೈಯಲೂ ಇಲ್ಲ. ಎಲೆ ಮುಂದೆ ಕೂರಲೂ ಇಲ್ಲ."

ಮುಳಬಾಗಿಲಿನ ಹಳೇ ಛತ್ರದ ಆಂಜಿನಮ್ಮ ಈ ಮಾತನ್ನು ಜಗಲಿಯ ಮೇಲೆ ಕೂತ ಯಾರ ಹತ್ತಿರ ಬೇಕಾದರೂ ಹೇಳುತ್ತಿದ್ದಳು. ಹೇಳಿ, ಎದುರಿನವರ ಮುಖವನ್ನೇ ನೋಡುತ್ತಿದ್ದಳು, ಇವರಿಗಾದರೂ ಉತ್ತರ ಗೊತ್ತಿದ್ದೀತು ಎನ್ನುವ ಹಾಗೆ.

ಅವಳು ಹುಟ್ಟಿದ್ದು ನಂಗಲಿಯ ಪಕ್ಕದ ಒಂದು ಹಳ್ಳಿ. ಮನೆಮಾತು ತೆಲುಗು; ಮಗನ ವಯಸ್ಸಿನವರನ್ನೆಲ್ಲ 'ನಾಯ್ನಾ' ಎಂದೇ ಕರೆಯುತ್ತಿದ್ದಳು. ಛತ್ರದ ಕಾವಲುಗಾರ ದೊಡ್ಡಮುನಿಯಪ್ಪನ ಕೈಹಿಡಿದು ಮುಳಬಾಗಿಲಿಗೆ ಬಂದ ಮೇಲೆ, ತಿರುಪತಿಗೆ ಹೋಗುವ ದಾರಿಯಲ್ಲಿ ಅಲ್ಲಿ ತಂಗುತ್ತಿದ್ದವರ ಬಾಯಿಂದಲೇ ಕನ್ನಡ ಕಲಿತಳು. ಹಾಗಾಗಿ ಅವಳ ಮಾತಿನಲ್ಲಿ ಹತ್ತೂರಿನ ಚೂರುಪಾರು ಸೇರಿಕೊಂಡಿತ್ತು. ಗಂಡ ಬಾಗಿಲು ತೆಗೆದು ಬಾವಿಯಿಂದ ನೀರು ಸೇದಿ ತುಂಬುತ್ತಿದ್ದ. ಇವಳು ಗುಡಿಸಿ, ಸಾರಿಸಿ, ಬಂದವರಿಗೆ ಒಲೆ ಹಚ್ಚಿಕೊಡುತ್ತಿದ್ದಳು. ಮಕ್ಕಳಾಗಲಿಲ್ಲ. ಆ ದುಃಖವನ್ನು ಹೇಳಿಕೊಳ್ಳುವಷ್ಟು ಬಿಡುವೂ ಇರಲಿಲ್ಲ. ದಿನಾ ಯಾರದಾದರೂ ಮಕ್ಕಳು ಅಲ್ಲಿ ಅಳುತ್ತಲೋ ನಗುತ್ತಲೋ ಇರುತ್ತಿದ್ದವು.

ಎಪ್ಪತ್ತರ ದಶಕದ ಶುರುವಿನಲ್ಲಿ ಮುನಿಯಪ್ಪ ಜ್ವರ ಬಂದು ತೀರಿಕೊಂಡ. ಪ್ರತಿ ವರ್ಷ ಸಂಕ್ರಾಂತಿಗೆ ಮುಂಚೆ ಛತ್ರಕ್ಕೆ ಸುಣ್ಣ ಬಳಿಯುವುದು, ಕಂಬಗಳಿಗೆ ಬಣ್ಣ ಹೊಡೆಯುವುದು ಪದ್ಧತಿ. ಆ ಸಲ ಛತ್ರದ ಯಜಮಾನಿಕೆ ನೋಡುತ್ತಿದ್ದ ಕೋದಂಡರಾಮಪ್ಪನವರು ಬಂದು, "ಈ ವರ್ಷ ಬೇಡ ಬಿಡು. ಮುನಿಯಪ್ಪ ಈ ಮನೆ ಮನುಷ್ಯನೇ ಅಲ್ವಾ" ಎಂದರು. ವರ್ಷಪೂರ್ತಿ ಗೋಡೆಗಳು ಮಾಸಿಕೊಂಡು ನಿಂತವು. ಬಂದ ಯಾತ್ರಿಕರು ಬಾಗಿಲಲ್ಲೇ ದನಿ ತಗ್ಗಿಸಿ, "ಯಾರಮ್ಮ ಹೋದೋರು?" ಎಂದು ಕೇಳುತ್ತಿದ್ದರು. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಆಂಜಿನಮ್ಮ ಗೋಡೆಯ ಕಡೆ ಕೈ ತೋರಿಸುತ್ತಿದ್ದಳು, ಅಷ್ಟೆ. ವರ್ಷ ಕಳೆದ ಮೇಲೆ ತಾನೇ ಸುಣ್ಣ ನೆನೆಹಾಕಿ, ತಾನೇ ಬಳಿದಳು. ಅಲ್ಲಿಂದ ಮುಂದೆ ಒಂದು ಸಲವೂ ತಪ್ಪಿಸಲಿಲ್ಲ.

ಬರುಬರುತ್ತಾ ಬಸ್ಸುಗಳು ಹೆಚ್ಚಿದವು. ತಿರುಪತಿಗೆ ಹೋಗುವವರು ನೆಟ್ಟಗೆ ಹೋಗತೊಡಗಿದರು. ಛತ್ರದ ಸೂರು ಸೋರಿತು, ತೊಲೆಯ ತುದಿಗಳು ಲಡ್ಡಾದವು. ಕೆಡವಿ ಅಂಗಡಿಸಾಲು ಕಟ್ಟೋಣವೆಂದು ಊರಿನ ಅರ್ಧ ಜನ, ಬೇಡವೆಂದು ಇನ್ನರ್ಧ ಜನ ಕಿತ್ತಾಡುತ್ತಿರುವಾಗ, ಎಂಬತ್ತರ ದಶಕ ಕಾಲಿಟ್ಟ ಹೊತ್ತಿಗೆ, ಕೆಡವದೆಯೇ ಸರಿಮಾಡಿಕೊಡುತ್ತೇನೆಂದು ಕದಿರೇಶ ಬಂದ. ಚಿನ್ನದ ಗಣಿಯ ಊರಿನ ಹುಡುಗ, ಬೆಂಗಳೂರಿನಲ್ಲಿ ಓದಿದವನು.

"ಎಂಜಿನಿಯರಾ ನಾಯ್ನಾ ನೀನು?" ಎಂದು ಕೇಳಿದಳು ಆಂಜಿನಮ್ಮ.

"ಅಲ್ಲಮ್ಮ, ಆರ್ಕಿಟೆಕ್ಟು."

"ಹಂಗಂದ್ರೆ?"

"ಮನೆ ಹೆಂಗಿರ್ಬೇಕು ಅಂತ ಬರೆದು ಕೊಡೋನು."

"ಬರೆದ್ರೆ ಸೋರೋದು ನಿಲ್ತದಾ? ಎಂಜಿನಿಯರೇ ಅನ್ನು, ಊರೋರು ನಂಬ್ತಾರೆ."

ಅವನ ರೀತಿಯೇ ಬೇರೆ. ಎಲ್ಲರೂ ತೇಗ ತರಿಸುತ್ತಾನೆ ಎಂದುಕೊಂಡಿದ್ದರೆ, ಅವನು ಶ್ರೀನಿವಾಸಪುರದ ತೋಟಗಳನ್ನು ಸುತ್ತಿ, ಕಾಯಿ ಬಿಡುವುದನ್ನು ನಿಲ್ಲಿಸಿದ ಮುದಿ ಮಾವಿನ ಮರಗಳನ್ನೂ ಹಲಸಿನ ಮರಗಳನ್ನೂ ಗುರುತುಮಾಡಿ ಬಂದ. ಕಾಡಿನ ಮರಕ್ಕೆ ಕೈ ಹಚ್ಚುವುದಿಲ್ಲ, ಹೇಗೂ ಕಡಿಯುವ ಮರಗಳಷ್ಟೇ ಸಾಕು ಎಂದ. ಕೊಡಲಿ ಹಾಕುವ ಮುಂಚೆ ಆಚಾರಿ ಮರದ ಬುಡಕ್ಕೆ ಕರ್ಪೂರ ಹಚ್ಚಿ ಅಪ್ಪಣೆ ಕೇಳಿದಾಗ ಇವನೂ ಚಪ್ಪಲಿ ಬಿಟ್ಟು ಕೈಮುಗಿದನಂತೆ. ತಂದ ದಿಮ್ಮಿಗಳನ್ನು ಕೆರೆಯಲ್ಲಿ ಮುಳುಗಿಸಿಟ್ಟ. "ಮರ ಕೊಯ್ಸಿ ತಂದು ನೀರಿಗೆ ಹಾಕ್ತಾನೆ, ಇವ್ನೇನು ಮೀನು ಸಾಕ್ತಾನಾ?" ಎಂದು ಜನ ನಕ್ಕರು. ಹಾಗೆ ನೆನೆದು, ಆಮೇಲೆ ನೆರಳಲ್ಲಿ ಒಣಗಿದ ಮರಕ್ಕೆ ಹುಳ ಬೀಳುವುದು ಕಡಿಮೆ ಎಂದು ಆಚಾರಿಯೂ ಅವನೂ ಮಾತಾಡಿಕೊಂಡಿದ್ದರು. ಕಂಬ ಬುಡದಲ್ಲಿ ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ತೆಗೆದು, ಹಲ್ಲು ಕಟ್ಟಿಸಿದ ಹಾಗೆ ಹೊಸ ಹಲಸಿನ ತುಂಡು ಕೂರಿಸಿದರು. ಕಡಿದ ಮರಗಳ ಲೆಕ್ಕಕ್ಕೆ ಛತ್ರದ ಹಿತ್ತಲಲ್ಲಿ ಹಲಸು, ಮಾವು, ಬೇವಿನ ಸಸಿ ನೆಡಿಸಿದ. ಅವಕ್ಕೆ ನೀರು ಹಾಕುವ ಕೆಲಸ ಆಂಜಿನಮ್ಮನ ಪಾಲಿಗೆ ಬಂತು.

ಮಧ್ಯಾಹ್ನದ ಊಟವೂ ಅವಳದೇ. ಜಗಲಿಯ ಮುಂಗಂಬಕ್ಕೆ ಒರಗಿ ಕೂತು ಕದಿರೇಶ ಮುದ್ದೆ ಮುರಿಯುತ್ತಿದ್ದ.

"ನುಂಗೋ ನಾಯ್ನಾ, ಅಗೀಬ್ಯಾಡ. ಎಷ್ಟು ಸಲ ಹೇಳೋದು? ಓದಿದೋನಿಗೆ ಮುದ್ದೆ ನುಂಗೋಕೆ ಬರಲ್ಲ."

"ಗಂಟ್ಲು ಚಿಕ್ಕದು ಅಮ್ಮ."

"ಸುಳ್ಳು. ಆಚಾರಿ ಮೇಲೆ ಕೂಗಾಡೋವಾಗ ದೊಡ್ಡದೇ ಐತೆ."

ಕೊನೆಕೊನೆಗೆ ಅವನು ಕಂಬಗಳ ಬಣ್ಣ ಕೆರೆಸತೊಡಗಿದಾಗ ಆಂಜಿನಮ್ಮನಿಗೆ ಒಳಗೊಳಗೇ ಗಾಬರಿಯಾಯಿತು. ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಕಾವಿ. ಅವಳು ಕಂಡ ಸಂಕ್ರಾಂತಿಗಳೆಲ್ಲ ಸಿಪ್ಪೆ ಸಿಪ್ಪೆಯಾಗಿ ಉದುರಿದವು. ಗುಡಿಸಿ ಹಾಕಿದವಳೂ ಅವಳೇ. ಹೊಸದಾಗಿ ಬಳಿಯುವುದಕ್ಕೇ ಇರಬೇಕು ಎಂದು ಸಮಾಧಾನ ಹೇಳಿಕೊಂಡಳು. ಆದರೆ ಅವನು ಬಳಿಸಲೇ ಇಲ್ಲ.

ಎಂಬತ್ತನಾಲ್ಕರ ಬೇಸಿಗೆಗೆ ಮುಂಚೆ ಒಂದು ದಿನ ಕದಿರೇಶ ಊಟದ ಮಧ್ಯೆ ಹೇಳಿದ. ಹಳೇ ಕಟ್ಟಡಗಳನ್ನು ಉಳಿಸುವವರಿಗೆ, ಕಾಡು ಹಾಳುಮಾಡದೆ ಮರದ ಕೆಲಸ ಮಾಡುವವರಿಗೆ ಒಂದು ದೊಡ್ಡ ಪ್ರಶಸ್ತಿ ಇದೆ. ಈ ಛತ್ರವನ್ನು ಅದಕ್ಕೆ ಆರಿಸಿಕೊಳ್ಳಬಹುದು. ಇಬ್ಬರು ನೋಡಲು ಬರುತ್ತಾರೆ.

"ನೋಡಿ ಒಪ್ಪಿದ್ರೆ?"

"ನಿಮ್ಮ ಛತ್ರದ ಹೆಸ್ರು ದೇಶಕ್ಕೆಲ್ಲ ಗೊತ್ತಾಗುತ್ತೆ."

"ಒಪ್ಪದೆ ಹೋದ್ರೆ?"

ಕದಿರೇಶ ಸಾರಿನಲ್ಲಿ ಬೆರಳಾಡಿಸಿದ. "ಇಂಥ ಕೆಲ್ಸ ಇನ್ಯಾರೂ ನನ್ನ ಕೈಗೆ ಕೊಡಲ್ಲ ಅಮ್ಮ. ಸಿಮೆಂಟು ಡಬ್ಬ ಕಟ್ಕೊಂಡು ಇರ್ಬೇಕು, ಜೀವನ ಪೂರ್ತಿ."

ಆ ಮಾತು ಆಂಜಿನಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಬರುವವರನ್ನು ಕರೆತರಲು ಅವನು ಬೆಂಗಳೂರಿಗೆ ಹೊರಟ. ಅವನ ಬೆನ್ನ ಹಿಂದೆ ಅವಳು ಛತ್ರದ ಎದುರಿಗೆ ಹೋಗಿ ನಿಂತು, ಹೊಸಬಳ ಹಾಗೆ ನೋಡಿದಳು. ಬೋಳು ಕಂಬಗಳು. ಕೆರೆತದ ಧೂಳು ಕೂತು ಮಂಕಾದ ಗೋಡೆ. ಅವಳ ಕಣ್ಣಿಗೆ ಕಂಡದ್ದು ಗಂಡ ಸತ್ತ ವರ್ಷದ ಛತ್ರ. ಡೆಲ್ಲಿಯವರು ಕಾರು ಇಳಿದು, ದನಿ ತಗ್ಗಿಸಿ, "ಯಾರಮ್ಮ ಹೋದೋರು?" ಎಂದು ಕೇಳಿದರೆ? ಸಾವಿನ ಮನೆಗೆ ಬಹುಮಾನ ಯಾರು ಕೊಡುತ್ತಾರೆ?

ಕೋದಂಡರಾಮಪ್ಪನವರ ಮನೆಗೆ ಹೋದಳು.

"ಮಾಡ್ಸು ಮಾಡ್ಸು," ಎಂದರು ಅವರು. "ನಂಗೂ ಅದೇ ಅನ್ನಿಸ್ತಿತ್ತು. ಮೊಟ್ಟೆ ತರ ಬೋಳಾಗೈತೆ. ಪಾಪ, ಆ ಹುಡುಗನ ಕೈ ಖಾಲಿಯಾಗಿರ್ಬೇಕು."

ಅಲ್ಲಿಂದ ಬಸ್ಸು ಹತ್ತಿ ನಂಗಲಿಗೆ ಹೋದಳು. ಹೆದ್ದಾರಿ ಪಕ್ಕದ ಹುಣಸೆಮರದ ಕೆಳಗೆ ತಾಜ್ ಪಾಷಾ ಲಾರಿಗಳಿಗೆ ಬಣ್ಣ ಬರೆಯುತ್ತಿದ್ದ. ಅವನ ತಾಯಿ ಅಮೀನಾ ಬೀಯೂ ಆಂಜಿನಮ್ಮನೂ ಚಿಕ್ಕವರಿದ್ದಾಗ ಒಂದೇ ಬೀದಿಯಲ್ಲಿ ಆಡಿದವರು. ಅದಕ್ಕೇ ಪಾಷಾ ಇವಳನ್ನು ಖಾಲಾ ಎಂದು, ತಾಯಿಯ ತಂಗಿಯನ್ನು ಕರೆಯುವಂತೆ, ಕರೆಯುತ್ತಿದ್ದ. ವಿಷಯ ಕೇಳಿದವನೇ ಕುಂಚ ತೊಳೆದ.

"ಡೆಲ್ಲಿಯೋರು ಬರ್ತಾರಾ? ಬಿಡು ಖಾಲಾ. ನಾನು ಬಣ್ಣ ಬರ್ದ ಲಾರಿಗಳು ಡೆಲ್ಲಿ ತಂಕ ಹೋಗ್ತವೆ. ಅವ್ರಿಗೆ ಏನು ಹಿಡಿಸುತ್ತೆ ನಂಗೊತ್ತು."

ಮಾರನೆಯ ದಿನ ಬೆಳಗಿನಿಂದ ಆಂಜಿನಮ್ಮ ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದಳು. ಪಾಷಾ ಮುಂದಿನ ನಾಲ್ಕು ಕಂಬ ಹಿಡಿದ. ಎಲೆಹಸಿರು ಬಣ್ಣ, ಹಳದಿ ಅಂಚು, ಮಧ್ಯೆ ತಾವರೆ, ತಾವರೆಯ ಮೇಲೆ ಜೋಡಿ ಗಿಣಿ. ಬಸ್ ಸ್ಟ್ಯಾಂಡಿನಿಂದೆಲ್ಲ ಜನ ಬಂದು ನಿಂತು ನೋಡಿದರು.

"ಹಿಂದ್ಗಡೆ 'ಹಾರನ್ ಹೊಡಿ' ಅಂತ ಬರೀಲಾ ಖಾಲಾ?"

"ಲೇ, ಛತ್ರ ಎಲ್ಲಿಗೂ ಓಡಲ್ಲ ಕಣೋ."

"ಓಡೋ ಹಂಗೆ ಮಾಡ್ತೀನಿ, ನೋಡ್ತಿರು."

ಕೊನೆಯ ಗಿಣಿಗೆ ಕಣ್ಣು ಬರೆಯುವ ಮುಂಚೆಯೇ ಹೊತ್ತು ಮುಳುಗಿತು. ಒಳಗಿನ ಕಂಬಗಳು ಹಾಗೇ ಉಳಿದವು. ಬಂದವರು ಮೊದಲು ನೋಡುವುದು ಮುಂಭಾಗವನ್ನೇ ಅಲ್ಲವೇ ಎಂದು ಆಂಜಿನಮ್ಮ ಸಮಾಧಾನಪಟ್ಟುಕೊಂಡಳು.

ಬೆಳಗ್ಗೆ ಕಾರು ಬಂತು. ನರೆಗೂದಲಿನ ಒಬ್ಬ ಹೆಂಗಸು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಎತ್ತರದ ಒಬ್ಬ ಗಂಡಸು, ಅವರ ಹಿಂದೆ ಕದಿರೇಶ. ಇಳಿದವನು ಹಾಗೇ ನಿಂತ. ಆಮೇಲೆ ನಡೆದು ಬಂದು, ತಾನು ದಿನಾ ಒರಗುತ್ತಿದ್ದ ಕಂಬದ ಮೇಲೆ ಅಂಗೈ ಇಟ್ಟ. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಅಂಗೈ ಹಸಿರಾಯಿತು. ಅದನ್ನೇ ನೋಡುತ್ತಾ ನಿಂತ.

"ಯಾರಮ್ಮ ಇದನ್ನ ಮಾಡಿದ್ದು?"

"ನಾನೇ ಮಾಡಿಸಿದ್ದು ನಾಯ್ನಾ. ಚೆಂದಾಗೈತಾ?"

ದೊಡ್ಡವರನ್ನು ಎದುರುಗೊಳ್ಳಲು ಬಂದಿದ್ದ ಕೋದಂಡರಾಮಪ್ಪನವರು ಶಲ್ಯ ಸರಿಮಾಡಿಕೊಂಡು, "ನಾನಾಗ್ಲೇ ಬೇಡ ಅಂದೆ," ಎಂದರು. ಆಂಜಿನಮ್ಮ ಅವರ ಕಡೆ ತಿರುಗಿ ನೋಡಿದಳು. ಅವರು ಸೂರಿನ ಹೆಂಚು ನೋಡುತ್ತಿದ್ದರು.

ಎತ್ತರದ ಗಂಡಸು ನೆಟ್ಟಗೆ ಒಳಕ್ಕೆ ಹೋಗಿ ಬೋಳು ಕಂಬಗಳನ್ನು ಸವರಿ ಸವರಿ ನೋಡಿ ಫೋಟೋ ತೆಗೆದ. ಮುಂದಿನ ಕಂಬಗಳ ಕಡೆ ಮುಖವನ್ನೇ ಹಾಕಲಿಲ್ಲ. ಹೆಂಗಸು ಮಾತ್ರ ಗಿಣಿಗಳ ಮುಂದೆ ನಿಂತು ಅಲ್ಲಾಡಲಿಲ್ಲ. ಒಬ್ಬರು ನೋಡುತ್ತಾರೆ, ಒಬ್ಬರು ನೋಡುವುದಿಲ್ಲ. ಇದನ್ನು ಏನೆಂದು ತಿಳಿಯುವುದು? ಆಮೇಲೆ ಆ ಹೆಂಗಸು ಇಂಗ್ಲಿಷಿನಲ್ಲಿ ಏನೋ ಕೇಳಿದರು.

"ಯಾಕೆ ಬಣ್ಣ ಹೊಡೆಸಿದ್ರಿ ಅಂತ ಕೇಳ್ತಿದ್ದಾರೆ," ಎಂದ ಕದಿರೇಶ, ಬೇರೆ ಕಡೆ ನೋಡುತ್ತಾ.

ಆಂಜಿನಮ್ಮ ಸೆರಗು ಹೊದ್ದು ಎಲ್ಲವನ್ನೂ ಹೇಳಿದಳು. ಮುನಿಯಪ್ಪ ಹೋದದ್ದು, ಹೆಸರು ಹೇಳದೆ, "ನಮ್ಮೆಜಮಾನ್ರು" ಎಂದು. ಆ ವರ್ಷ ಛತ್ರಕ್ಕೆ ಸುಣ್ಣ ಇಲ್ಲದ್ದು. ಬಂದವರು ಬಾಗಿಲಲ್ಲಿ ಕೇಳುತ್ತಿದ್ದದ್ದು. "ಇದು ಸಾವಿನ ಮನೆ ಅಂತ ತಾವು ಅಂದ್ಕೋಬಾರ್ದು ಅಂತ ಮಾಡಿಸ್ದೆ ತಾಯಿ. ಆಯಪ್ಪಂದು ಏನೂ ತಪ್ಪಿಲ್ಲ."

ಕದಿರೇಶನೂ ಇದನ್ನು ಕೇಳಿದ್ದು ಅದೇ ಮೊದಲು. ಆ ಹೆಂಗಸಿನ ಕಡೆ ತಿರುಗಿ ಮೂರು ನಾಲ್ಕು ಮಾತು ಹೇಳಿದ. ಅಷ್ಟೇ. ಅಷ್ಟು ಉದ್ದದ ಕಥೆ ಅಷ್ಟು ಗಿಡ್ಡ ಮಾತಿನಲ್ಲಿ ಹೇಗೆ ಹಿಡಿಯಿತು? ಅದಕ್ಕಿಂತ ಸೋಜಿಗವೆಂದರೆ, ಆ ಗಿಡ್ಡ ಮಾತನ್ನು ಕೇಳಿ ಆ ಹೆಂಗಸು ಪುಟ ತುಂಬಾ ಬರೆದುಕೊಂಡರು. ಎತ್ತರದವನು ಹೊರಬಂದು ಏನೋ ಅಂದ. ಹೆಂಗಸು ತಿರುಗಿ ಏನೋ ಅಂದರು. ಜಗಳವಾಡಿದರೋ, ತಮಾಷೆ ಮಾಡಿಕೊಂಡರೋ. ಹೊರಡುವಾಗ ಆ ಹೆಂಗಸು ಆಂಜಿನಮ್ಮನ ಎರಡೂ ಕೈ ಹಿಡಿದುಕೊಂಡರು. ಅದು ಶಭಾಷ್ ಎಂದೋ, ಅಯ್ಯೋ ಪಾಪ ಎಂದೋ?

ಒಳಗೆ ಎಲೆ ಹಾಕಿ, ಮುದ್ದೆ ಕಟ್ಟಿ, ಅವರೆಕಾಳು ಸಾರು ಬಿಸಿ ಮಾಡಿ ಇಟ್ಟಿದ್ದಳು. "ಊಟ ಮಾಡ್ಕೊಂಡು ಹೋಗು ನಾಯ್ನಾ," ಎಂದಳು.

"ಹೊತ್ತಾಯ್ತು," ಎಂದ ಕದಿರೇಶ.

ಕಾರಿನ ಬಾಗಿಲು ಎಳೆದುಕೊಂಡ ಕಡೆ ಅವನ ಹಸಿರು ಬೆರಳುಗಳ ಗುರುತು ಉಳಿಯಿತು. ಆ ಮುದ್ದೆ ಸಂಜೆಗೆ ಪಕ್ಕದ ಮನೆಯ ಹಸುವಿನ ಬಾನಿ ಸೇರಿತು.

ಆಮೇಲೆ ಸುದ್ದಿಯೇ ಇಲ್ಲ. ಆಂಜಿನಮ್ಮ ಸಿಕ್ಕಿದವರನ್ನೆಲ್ಲ ಕೇಳಿದಳು. ಹಳೇದನ್ನು ಹಳೇದಾಗಿಯೇ ಇಡುವವರಿಗೆ ಕೊಡುವ ಬಹುಮಾನ ಅದು, ನೀನು ಹೊಸದು ಮಾಡಿಟ್ಟೆ, ಇನ್ನೆಲ್ಲಿ ಬರುತ್ತೆ ಎಂದರು ಕೆಲವರು. ಹಳೇದು ಅಂದರೆ ಯಾವುದು, ಪ್ರತಿ ವರ್ಷ ಬಣ್ಣ ಹೊಡೆದುಕೊಂಡು ಬಂದದ್ದು ಹಳೇದಲ್ಲವೇ, ಬೋಳು ಮಾಡಿದ್ದೇ ಹೊಸದು ಎಂದರು ಇನ್ನು ಕೆಲವರು. ಎರಡೂ ಸರಿ ಎನಿಸುತ್ತಿತ್ತು. ಎರಡೂ ಸರಿಯಾದರೆ ತಪ್ಪು ಯಾರದು?

ಪಾಷಾ ಬಂದು ತಲೆ ಕೆರೆದುಕೊಂಡ. "ಸೀಮೆಎಣ್ಣೆ ಹಾಕಿ ಒರೆಸಿ ಬಿಡ್ಲಾ ಖಾಲಾ?"

"ಬ್ಯಾಡ ಕಣೋ ಪಾಷಾ. ಇನ್ನೂ ಏನಾದ್ರೂ ಮಾಡೋಕೋಗಿ ಇನ್ನೂ ಕೆಟ್ರೆ? ಗೊತ್ತಿಲ್ಲದ್ನ ಮುಟ್ಬಾರ್ದು."

"ನನ್ನ ಗಿಣಿ ಅಷ್ಟು ಕೆಟ್ಟದಾಗಿತ್ತಾ?"

"ಗಿಣಿ ಚೆನ್ನಾಗೇ ಐತೆ. ಆಯಪ್ಪನ ಹೊಟ್ಟೆ ಮೇಲೆ ಕೂತೈತೋ ಏನೋ ಅನ್ನೋದೇ ನನ್ನ ದಿಗಿಲು."

ಮಾಡಲು ತೋಚಿದ್ದು ಒಂದೇ. ಹಿತ್ತಲಿನ ಸಸಿಗಳಿಗೆ ತಪ್ಪದೆ ನೀರು ಹಾಕಿದಳು. ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಹಲಸಿನ ಬುಡಕ್ಕೆ ಒಯ್ದಳು. ಬೇಸಿಗೆಯಲ್ಲಿ ಬಾವಿ ತಳ ಕಂಡಾಗಲೂ ಒಂದನ್ನೂ ಒಣಗಲು ಬಿಡಲಿಲ್ಲ.

ಮುಂದಿನ ಮಾವಿನ ಕಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಕದಿರೇಶ ಬಸ್ಸಿನಿಂದ ಇಳಿದು ಬಂದ. ಸೊರಗಿದ್ದ. ಕೈಯಲ್ಲಿ ಚೀಲ. ಅದರೊಳಗಿಂದ ಬಟ್ಟೆ ಸುತ್ತಿದ ಹಿತ್ತಾಳೆಯ ಫಲಕ ತೆಗೆದು ಅವಳ ಮುಂದೆ ಇಟ್ಟ.

"ಬಂತಮ್ಮ. ಅರ್ಧ ಬಂತು."

"ಅರ್ಧ ಅಂದ್ರೆ? ಮುರ್ದೈತಾ?"

"ಇಲ್ಲಮ್ಮ. ಇನ್ನೊಂದು ಊರಿನ ಒಂದು ಮನೆಗೂ ನಮ್ಮ ಛತ್ರಕ್ಕೂ ಸೇರಿಸಿ ಕೊಟ್ಟಿದ್ದಾರೆ."

ಆಂಜಿನಮ್ಮ ಫಲಕ ಮುಟ್ಟಲಿಲ್ಲ. ಇಷ್ಟು ದಿನ ನುಂಗಿಕೊಂಡಿದ್ದದ್ದು ಬಾಯಿಗೆ ಬಂತು. "ಹಂಗಾದ್ರೆ ಆ ಇನ್ನರ್ಧ ನನ್ನಿಂದ ಹೋಯ್ತಾ ನಾಯ್ನಾ? ಇಲ್ಲಾ ಈ ಅರ್ಧ ನನ್ನಿಂದ ಬಂತಾ? ಯಾವ್ದಾದ್ರೂ ಒಂದು ಹೇಳ್ಬಿಡು. ಬೈದ್ರೂ ಪರ್ವಾಗಿಲ್ಲ."

"ನಂಗೂ ಗೊತ್ತಿಲ್ಲಮ್ಮ. ಅವ್ರು ಬರೆದ ಕಾಗ್ದದಲ್ಲಿ ಮರದ ಕೆಲಸ ಹೊಗಳಿದ್ದಾರೆ, ಸಸಿ ನೆಟ್ಟಿದ್ದನ್ನ ಹೊಗಳಿದ್ದಾರೆ. ಬಣ್ಣದ ಮಾತು ಒಂದಕ್ಷರ ಇಲ್ಲ. ಅರ್ಧ ಯಾಕೆ ಅಂತಾನೂ ಇಲ್ಲ."

"ಅವತ್ತು ನಾನು ಅಷ್ಟೆಲ್ಲ ಹೇಳಿದ್ನಲ್ಲ. ನೀನು ಆಯಮ್ಮಂಗೆ ಏನಂತ ಹೇಳ್ದೆ?"

ಕದಿರೇಶ ಫಲಕದ ಬಟ್ಟೆಯನ್ನು ಮಡಚಿದ. "ನೆನಪಿಲ್ಲಮ್ಮ. ಕೋಪದಲ್ಲಿದ್ದೆ."

ಅಷ್ಟರಲ್ಲಿ ಕೋದಂಡರಾಮಪ್ಪನವರು ಬಂದು ಫಲಕ ಎತ್ತಿ ನೋಡಿ, "ಬಣ್ಣ ಹೊಡೆಸು ಅಂತ ನಾನೇ ಹೇಳಿದ್ದು. ನೋಡಿದ್ಯಾ?" ಎಂದರು. ಮುಂಗಂಬಕ್ಕೇ ಮೊಳೆ ಹೊಡೆದು ನೇತು ಹಾಕೋಣ ಎಂದರು. "ಮರಕ್ಕೆ ಮೊಳೆ ಬೇಡಿ," ಎಂದು ಕದಿರೇಶ ಗಟ್ಟಿಯಾಗಿ ಹೇಳಿದ. ಗೋಡೆಗೆ ಹಾಕಲು ಜಾಗ ಹುಡುಕುತ್ತಾ ಅವರು ಒಳಗೆ ಹೋದರು.

ಕದಿರೇಶ ಚೀಲಕ್ಕೆ ಮತ್ತೆ ಕೈ ಹಾಕಿ, ಬಣ್ಣ ಕೆರೆಯುವ ಉಳಿ ತೆಗೆದ. ಆಂಜಿನಮ್ಮ ನೋಡಿದಳು. ಅವನು ಕಂಬದ ಮುಂದೆ ಕುಕ್ಕರಗಾಲಲ್ಲಿ ಕೂತು, ಬುಡದಲ್ಲಿ ಬೆರಳಗಲ ಕೆರೆದ. ಹಸಿರಿನ ಕೆಳಗೆ ಹಲಸಿನ ಹಳದಿ ಮರ ಕಂಡಿತು. ಉಳಿ ಹಿಡಿದ ಕೈ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು.

"ಈ ಗಿಣಿಗೆ ಯಾಕೆ ಕಣ್ಣಿಲ್ಲ?"

"ಹೊತ್ತು ಮುಳುಗೋಯ್ತು. ನಾಳೆ ಬರಿತೀನಿ ಅಂದ ಪಾಷಾ. ನಾಳೆ ನೀವು ಬಂದ್ರಲ್ಲ."

ಅವನು ಗಿಣಿಯನ್ನು ನೋಡಿದ. ಆಮೇಲೆ ಹಿತ್ತಲ ಬಾಗಿಲಾಚೆ, ಆಳೆತ್ತರ ಬಂದಿದ್ದ ಹಲಸನ್ನು ನೋಡಿದ. ಉಳಿಯನ್ನು ಜಗಲಿಯ ಮೇಲಿಟ್ಟು, ಆ ಕಂಬಕ್ಕೇ ಬೆನ್ನು ಕೊಟ್ಟು, ಕಾಲು ನೀಡಿ ಕೂತ.

"ಹೊಟ್ಟೆ ಹಸಿದೈತೆ ಅಮ್ಮ. ಏನೈತೆ?"

ಆಂಜಿನಮ್ಮನಿಗೆ ಒಂದು ಕ್ಷಣ ಕೇಳಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. "ಬಸ್ಸಾರೈತೆ," ಎಂದಳು. "ಮುದ್ದೆ ಈಗ ಮಾಡ್ಬೇಕು. ಓಡೋಗ್ಬ್ಯಾಡ ಮತ್ತೆ."

"ಇಲ್ಲ. ಇಲ್ಲೇ ಇರ್ತೀನಿ."

ಒಳಗೆ ಹೋಗಿ ಒಲೆಗೆ ಪುಳ್ಳೆ ಒಟ್ಟಿದಳು. ಎಸರು ಮರಳಿತು. ಹಿಟ್ಟು ಸುರಿದು, ನಡುವೆ ಕೋಲು ನಿಲ್ಲಿಸಿ ಬೇಯಲು ಬಿಟ್ಟಳು. ಪಾತ್ರೆ ಕೆಳಗಿಳಿಸಿ ತಿರುವಲು ಶುರುಮಾಡಿದಾಗ ಹೊರಗಿನಿಂದ ಕರಕರ ಸದ್ದು ಬಂದ ಹಾಗಾಯಿತು. ಉಳಿಯದೋ? ಕೋದಂಡರಾಮಪ್ಪನವರು ಫಲಕ ಹಾಕಲು ಗೋಡೆ ಕೊರೆಯುತ್ತಿದ್ದರೋ? ಕೈ ನಿಲ್ಲಿಸಿ ಕಿವಿಗೊಟ್ಟರೆ ತಿಳಿಯುತ್ತಿತ್ತು. ನಿಲ್ಲಿಸಿದರೆ ಹಿಟ್ಟು ಗಂಟಾಗುತ್ತದೆ. ಎರಡೂ ಪಾದಗಳಿಂದ ಪಾತ್ರೆಯನ್ನು ಒತ್ತಿ ಹಿಡಿದು, ಕೋಲನ್ನು ಎರಡು ಕೈಯಲ್ಲಿ ಬಿಗಿಹಿಡಿದು, ಆಂಜಿನಮ್ಮ ತಿರುವುತ್ತಲೇ ಹೋದಳು. ಹಿಟ್ಟು ಅಂಚು ಬಿಟ್ಟು ಒಂದಾಗಿ ಕೋಲಿನ ಜೊತೆ ಸುತ್ತತೊಡಗಿತು. ತಟ್ಟೆಗೆ ನೀರು ಸವರಿ, ಕೈ ಒದ್ದೆ ಮಾಡಿಕೊಂಡು, ಮೊದಲ ಮುದ್ದೆ ಕಟ್ಟಿದಳು.